ಸಾಫ್ಟ್‌ವೇರ್ ತಂಡಗಳ ತರಬೇತಿ: ಕರ್ನಾಟಕದಲ್ಲಿ ನಡೆದುಬಂದ ಬಗೆ

ಸಾಫ್ಟ್‌ವೇರ್ ಬರೆಯುವ ತಂಡದ ಜೊತೆ ಕೂತು, ಅದರ ಕೆಲಸದ ರೀತಿಯನ್ನು ತಿದ್ದಿ, ತಪ್ಪು ಕಡಿಮೆ ಮಾಡಿ, ಹೇಳಿದ ದಿನಕ್ಕೆ ಕೆಲಸ ಮುಗಿಸುವಂತೆ ಪಳಗಿಸುವುದು ಒಂದು ಕಸುಬು. ಇಂದು ಇದನ್ನು ಮಾಡುವವರನ್ನು ಅಜೈಲ್ ಕೋಚ್, ಸ್ಕ್ರಮ್ ಮಾಸ್ಟರ್ ಎಂದೆಲ್ಲ ಕರೆಯುತ್ತಾರೆ. ಹುದ್ದೆಯ ಹೆಸರು ಹೊಸದಾದರೂ ಕೆಲಸ ಅಷ್ಟು ಹೊಸದಲ್ಲ. 1990ರ ದಶಕದ ಬೆಂಗಳೂರಿನಲ್ಲಿ ಕಂಪನಿಗಳ ಕ್ವಾಲಿಟಿ ವಿಭಾಗದವರು ಇದರ ಬಹುಭಾಗವನ್ನು ಮಾಡುತ್ತಿದ್ದರು. ಸಣ್ಣ ಕಂತುಗಳಲ್ಲಿ ಬರೆದು, ತೋರಿಸಿ, ತಿದ್ದುತ್ತ ಸಾಗುವ ಅಜೈಲ್ ಚಳವಳಿಯಿಂದಲೇ ಈ ಇತಿಹಾಸವನ್ನು ಆರಂಭಿಸುವ ಬರಹಗಳು ಆ ದಶಕವನ್ನು ಪೂರ್ತಿ ಬಿಟ್ಟುಬಿಡುತ್ತವೆ.

ಲೆವೆಲ್ 5ರ ಕಾಲ

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1984ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಐಬಿಎಂನಿಂದ ಅಲ್ಲಿಗೆ ಬಂದ ವಾಟ್ಸ್ ಹಂಫ್ರಿಯವರ ಚಿಂತನೆಯಿಂದ ಬೆಳೆದದ್ದು ಸಿಎಂಎಂ ಎಂಬ ಐದು ಹಂತಗಳ ಅಳತೆಗೋಲು. ಮೊದಲ ಹಂತದಲ್ಲಿ ಎಲ್ಲವೂ ಆಳಿನ ಜಾಣ್ಮೆಯ ಮೇಲೆ ನಿಂತಿರುತ್ತದೆ; ಐದನೆಯದರಲ್ಲಿ ಸಂಸ್ಥೆ ತನ್ನ ತಪ್ಪುಗಳ ಲೆಕ್ಕವಿಟ್ಟು ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರುತ್ತದೆ.

ಈ ಐದನೇ ಹಂತಕ್ಕೆ ಬಂದ ‘ಮೊದಲಿಗರು ಯಾರು’ ಎಂಬಲ್ಲಿ ದಾಖಲೆಗಳು ಗೊಂದಲಗೊಳಿಸುತ್ತವೆ. ಬೆಂಗಳೂರಿನ ಮೊಟೊರೋಲಾ ಇಂಡಿಯಾ ಎಲೆಕ್ಟ್ರಾನಿಕ್ಸ್ ಐದನೇ ಹಂತ ಮುಟ್ಟಿದ್ದು 1993ರಲ್ಲಿ ಎಂದು ಕೆಲವು ಕಡೆ ಇದೆ, 1994 ಎಂದು ಮತ್ತೆ ಕೆಲವು ಕಡೆ. ವರ್ಷ ಯಾವುದೇ ಇರಲಿ, ಅದಕ್ಕೂ ಮೊದಲು ಆ ಹಂತದಲ್ಲಿ ಹೆಸರಾಗಿದ್ದದ್ದು ಬಾಹ್ಯಾಕಾಶ ನೌಕೆಯ ಸಾಫ್ಟ್‌ವೇರ್ ಬರೆಯುತ್ತಿದ್ದ ಐಬಿಎಂನ ಹ್ಯೂಸ್ಟನ್ ತಂಡ. ಆಮೇಲೆ ವಿಪ್ರೊ ಹೇಳಿಕೊಂಡ ‘ಜಗತ್ತಿನಲ್ಲೇ ಮೊದಲು’ ಎಂಬ ಮಾತು ಸಾಫ್ಟ್‌ವೇರ್ ಸೇವಾ ಕಂಪನಿಗಳ ಮಟ್ಟಿಗೆ ಮಾತ್ರ. ಪತ್ರಿಕೆಗಳಲ್ಲಿ ಆ ಷರತ್ತು ಆಗಾಗ ಬಿದ್ದುಹೋಗುತ್ತದೆ, ಮೊಟೊರೋಲಾ ಮರೆಯಾಗುತ್ತದೆ. ಇನ್ಫೋಸಿಸ್ 1999ರಲ್ಲಿ ಅದೇ ಹಂತಕ್ಕೆ ಬಂತು. ಅಲ್ಲಿನ ಕೆಲಸದ ಕ್ರಮವನ್ನು ಪಂಕಜ್ ಜಲೋಟೆ ಪುಸ್ತಕವಾಗಿಯೇ ಬರೆದರು. ‘ಸಿಎಂಎಂ ಸರ್ಟಿಫಿಕೇಟ್’ ಎಂಬ ರೂಢಿಯ ಮಾತೂ ಪೂರ್ತಿ ಸರಿಯಲ್ಲ. ಪಿಟ್ಸ್‌ಬರ್ಗ್‌ನ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ. ಅದರಿಂದ ತರಬೇತಿ ಪಡೆದ ಪರೀಕ್ಷಕರು ಬಂದು ನೋಡಿ ಹಂತ ಹೇಳುತ್ತಿದ್ದರು, ಅದೂ ತಾವು ನೋಡಿದ ವಿಭಾಗಕ್ಕೆ ಮಾತ್ರ. ವಿದೇಶಿ ಗಿರಾಕಿಗಳ ಮುಂದೆ ಇಷ್ಟೆಲ್ಲ ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಅಜೈಲ್ ಬಂದ ಮೇಲೆ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಹೊರಡಿಸಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಕರ್ನಾಟಕದ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು, ಆ 17 ಜನರಲ್ಲಿ ಒಬ್ಬರಾದ ಮಾರ್ಟಿನ್ ಫೌಲರ್ ತಮ್ಮ ಥಾಟ್‌ವರ್ಕ್ಸ್ ಕಂಪನಿಯ ಬೆಂಗಳೂರು ಕಚೇರಿಯ ಅನುಭವವನ್ನು ಬರೆದಿಟ್ಟದ್ದು. ಎದುರುಬದುರು ಕೂತು ಮಾತಾಡುವುದನ್ನೇ ನೆಚ್ಚಿದ ಪದ್ಧತಿ, ಅರ್ಧ ತಂಡ ಸಾಗರದಾಚೆ ಇದ್ದಾಗ ನಡೆಯುವುದು ಹೇಗೆ? ಅವರು ಕಂಡುಕೊಂಡ ಉಪಾಯ ‘ರಾಯಭಾರಿ’. ಆ ಕಡೆಯವರೊಬ್ಬರು ಸದಾ ಬೆಂಗಳೂರಿನಲ್ಲಿರಬೇಕು, ಕೆಲವು ತಿಂಗಳಿಗೊಮ್ಮೆ ಸರದಿ ಬದಲಾಗಬೇಕು. ಕಾಗದದಲ್ಲಿ ಬರದ ಸಂಗತಿಗಳನ್ನು, ಕಚೇರಿಯ ಹರಟೆಯನ್ನೂ ಸೇರಿಸಿ, ಮುಟ್ಟಿಸುವುದು ಅವರ ಕೆಲಸ. ಮೇಲಿನವರಿಗೆ ‘ಆಗುವುದಿಲ್ಲ’ ಎನ್ನಲು ಹಿಂಜರಿಯುವ ಅಭ್ಯಾಸ ಬಿಡಿಸಲು ಹೊತ್ತು ಹಿಡಿಯುತ್ತದೆ ಎಂಬುದೂ ಫೌಲರ್ ಅವರ ಅನುಭವ. ಲೆವೆಲ್ 5ರ ಕಡತಗಳಲ್ಲಿ ಇಂಥ ಮಾತಿಗೆ ಜಾಗ ಇರಲಿಲ್ಲ.

ವಿಪ್ರೊ ಅಧ್ಯಯನಗಳು

ತರಬೇತಿಯಿಂದ ನಿಜವಾಗಿ ಎಷ್ಟು ಉಪಯೋಗವಾಯಿತು ಎಂಬುದಕ್ಕೆ ಗಟ್ಟಿ ಪುರಾವೆ ಸಿಗುವುದು ವಿಪ್ರೊದಲ್ಲಿ ನಡೆದ ಅಧ್ಯಯನಗಳಲ್ಲಿ. ಕಾರ್ಖಾನೆಯಲ್ಲಿ ಹುಟ್ಟಿದ ಟೊಯೋಟಾದ ಲೀನ್ ಪದ್ಧತಿಯನ್ನು ವಿಪ್ರೊ 2004ರ ಸುಮಾರಿಗೆ ಸಾಫ್ಟ್‌ವೇರ್ ಕೆಲಸಕ್ಕೆ ತಂದಿತು. ಕೆಲಸ ಎಲ್ಲಿ ಸುಮ್ಮನೆ ಕಾಯುತ್ತಿದೆ ಎಂದು ತಂಡದವರೇ ಹಾಳೆಯ ಮೇಲೆ ಗೆರೆ ಎಳೆದು ಗುರುತಿಸುವುದು, ಯಾರ ಕೈಯಲ್ಲಿ ಏನಿದೆ ಎಂದು ಎಲ್ಲರಿಗೂ ಕಾಣುವ ಬೋರ್ಡಿನಲ್ಲಿ ಬರೆಯುವುದು, ತಪ್ಪನ್ನು ಮುಂದಿನ ಹಂತಕ್ಕೆ ದಾಟಿಸದೆ ಅಲ್ಲೇ ಹಿಡಿಯುವುದು ಇದರ ಭಾಗ. ಹಾರ್ವರ್ಡ್‌ನ ಡೇವಿಡ್ ಅಪ್ಟನ್ ಮತ್ತು ಬ್ರಾಡ್ಲಿ ಸ್ಟಾಟ್ಸ್ ಇದನ್ನು ವರ್ಷಗಟ್ಟಲೆ ಗಮನಿಸಿದರು. ಲೀನ್ ಪ್ರಾಜೆಕ್ಟ್‌ಗಳು ಹೆಚ್ಚಿನ ಅಳತೆಗಳಲ್ಲಿ ಮೇಲುಗೈ ಸಾಧಿಸಿದ್ದವು, ಎಲ್ಲದರಲ್ಲೂ ಅಲ್ಲ.

ಇನ್ನೂ ಹೆಚ್ಚು ಯೋಚಿಸಬೇಕಾದದ್ದು ಸ್ಟಾಟ್ಸ್ ಮತ್ತು ರಾಬರ್ಟ್ ಹಕ್‌ಮನ್ ಅದೇ ಕಂಪನಿಯ ಸಾವಿರದಷ್ಟು ಪ್ರಾಜೆಕ್ಟ್‌ಗಳ ಲೆಕ್ಕ ತೆಗೆದು ಕಂಡದ್ದು: ತಂಡದವರು ಹಿಂದೆ ಜೊತೆಯಾಗಿ ದುಡಿದ ಪರಿಚಯ ಶೇ. 50 ಹೆಚ್ಚಿದಾಗ ದೋಷಗಳು ಶೇ. 19 ತಗ್ಗಿದ್ದವು, ಬಜೆಟ್‌ನಿಂದ ಆಚೀಚೆ ಹೋಗುವುದು ಶೇ. 30 ತಗ್ಗಿತ್ತು. ಪ್ರಾಜೆಕ್ಟ್ ಮುಗಿದ ಕೂಡಲೇ ತಂಡ ಒಡೆದು ಆಳುಗಳನ್ನು ಮುಂದಿನ ಕೆಲಸಕ್ಕೆ ಕಾಯುವ ‘ಬೆಂಚ್’ಗೆ ಕಳಿಸುವ ಉದ್ಯಮಕ್ಕೆ ಇದು ಇರುಸುಮುರುಸಿನ ಸಂಗತಿ. ಯಾವ ಕೋಚ್ ಬಂದರೂ ಹರಿದು ಹಂಚಿದ ತಂಡಕ್ಕೆ ಆ ಪರಿಚಯ ತಂದುಕೊಡಲಾರ.

2014ರ ಮತ್ತೊಂದು ಅಧ್ಯಯನದ ಪ್ರಯೋಗವೂ ವಿಪ್ರೊದಲ್ಲೇ ನಡೆಯಿತು. ಅಲ್ಲಿನ ಹೊಸಬರಲ್ಲಿ ಒಂದು ಗುಂಪು ದಿನದ ಕೊನೆಯ 15 ನಿಮಿಷ ಅಂದು ಕಲಿತದ್ದನ್ನು ಬರೆಯಿತು. ಮತ್ತೊಂದು ಗುಂಪು ಆ ಹೊತ್ತೂ ಕೆಲಸವನ್ನೇ ಮಾಡಿತು. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಬರೆದವರು ಸುಮಾರು ಶೇ. 23 ಮುಂದಿದ್ದರು. ಮಾಡಿದ ಕೆಲಸವನ್ನು ಹಿಂತಿರುಗಿ ನೋಡುವ ಅಜೈಲ್ ತಂಡಗಳ ‘ರೆಟ್ರೊ’ ಸಭೆಯ ಪರವಾಗಿ ಇದನ್ನು ಎತ್ತಿ ಹೇಳುವುದುಂಟು. ಆದರೆ ಬರೆದವರು ಗಿರಾಕಿಗಳಿಗೆ ನೆರವು ನೀಡಲು ಸೇರಿದ್ದವರು, ಪ್ರೋಗ್ರಾಂ ಬರೆಯುವವರಲ್ಲ. ಪ್ರತಿಯೊಬ್ಬರೂ ಒಂಟಿಯಾಗಿ ಬರೆದರು, ತಂಡವಾಗಿ ಚರ್ಚಿಸಲಿಲ್ಲ.

ಇತ್ತೀಚೆಗೆ, ಮತ್ತು ಬೆಳಗಾವಿ ಸೀಮೆ

2018ರಲ್ಲಿ ನಿಕೋಲ್ ಫಾರ್ಸ್‌ಗ್ರೆನ್ ಮತ್ತು ಸಂಗಡಿಗರ ‘ಆಕ್ಸಲರೇಟ್’ ಪುಸ್ತಕ ಬಂದ ಮೇಲೆ ಚರ್ಚೆ ಅಳತೆಗಳ ಕಡೆ ತಿರುಗಿತು: ಹೊಸ ಕೋಡ್ ಎಷ್ಟು ಸಲ ಬಳಕೆಗೆ ಹೋಗುತ್ತದೆ, ಕೆಟ್ಟರೆ ಎಷ್ಟು ಬೇಗ ಸರಿಯಾಗುತ್ತದೆ ಎಂಬಂಥವು.

ಈ ಇತಿಹಾಸದಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಾಣಿಸುವುದು ಕಾಲೇಜುಗಳ ಮೂಲಕ. ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜು 1996ರಲ್ಲಿ ಶುರುವಾಯಿತು. ಎರಡು ವರ್ಷದ ಬಳಿಕ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂತು. ವಿಟಿಯು ಪಠ್ಯಕ್ರಮದ ಸಾಫ್ಟ್‌ವೇರ್ ಎಂಜಿನಿಯರಿಂಗ್ ವಿಷಯದಲ್ಲಿ ಅಜೈಲ್ ಬಗ್ಗೆಯೂ ಪಾಠವಿದೆ. ಅದನ್ನು ಪರೀಕ್ಷೆಗೆ ಓದಿದವರು ತಂಡದಲ್ಲಿ ಕೂತು ಮಾಡಿ ಕಲಿಯುವುದು ಬಹುತೇಕ ಬೆಂಗಳೂರು, ಪುಣೆಗಳಿಗೆ ಹೋದ ಮೇಲೆಯೇ.