ಡೆಂಕಣಿಕೋಟೆ ಘಟ್ಟದ ಹೇರು

ಹೊಸೂರು, ಡೆಂಕಣಿಕೋಟೆಗಳಿರುವ ಎತ್ತರದ ಸೀಮೆಯನ್ನು ಹಳೆಯ ಸೇಲಂ ಜಿಲ್ಲೆಯ ದಾಖಲೆಗಳು ಬಾಲಾಘಾಟ್ ಎನ್ನುತ್ತವೆ. ಅದರ ಕೆಳಗೆ ಕೃಷ್ಣಗಿರಿ, ಧರ್ಮಪುರಿಗಳ ಬಾರಾಮಹಲ್. ನಡುವೆ ಘಟ್ಟ. ಗಾಡಿದಾರಿ ಆಗುವ ಮುನ್ನ ಕಾಳುಕಡಿ, ಉಪ್ಪು ಈ ಘಟ್ಟ ಹತ್ತಿ ಇಳಿಯುತ್ತಿದ್ದುದು ಹೇರೆತ್ತಿನ ಬೆನ್ನ ಮೇಲೆ.

ಹೇರೆತ್ತಿಗೆ ಹಾಕುತ್ತಿದ್ದುದು ಕಂಟಲೆ, ಅಂದರೆ ಬೆನ್ನಿನ ಎರಡೂ ಪಕ್ಕಕ್ಕೆ ಇಳಿಬೀಳುವ ಜೋಡಿಚೀಲ. ಒಂದು ಕಡೆ ತೂಕ ಹೆಚ್ಚಾದರೆ ಚೀಲ ಜಾರುತ್ತದೆ, ಬೆನ್ನು ಉಜ್ಜಿ ಹುಣ್ಣಾಗುತ್ತದೆ. ಹುಣ್ಣಾದ ಎತ್ತು ಇಳಿಜಾರಿನಲ್ಲಿ ನಿಂತೇಬಿಡುತ್ತದೆ. ಹಾಗಾಗಿ ಎಷ್ಟು ಹೊರಿಸಬೇಕೆಂದು ತೀರ್ಮಾನಿಸುತ್ತಿದ್ದುದು ಸರಕಿನ ಯಜಮಾನನಲ್ಲ, ದಾರಿ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯವೇ ಸಾಕ್ಷಿ. 1791ರ ಮೇ ತಿಂಗಳಲ್ಲಿ ಅವನು ಭಾರೀ ಫಿರಂಗಿಗಳನ್ನು ಎಳೆಸಿಕೊಂಡು ಶ್ರೀರಂಗಪಟ್ಟಣದವರೆಗೂ ಹೋದ. ಅಷ್ಟರಲ್ಲಿ ಮೇವಿಲ್ಲದೆ ಎತ್ತುಗಳು ಸತ್ತವು, ದಂಡಿಗೆ ಅಕ್ಕಿ ಮುಗಿಯಿತು. ಕೋಟೆ ಒಡೆಯಲು ತಂದ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮುಂದೆ ಜುಲೈನಲ್ಲಿ ಅವನ ಸೈನ್ಯ ಹಿಡಿದದ್ದು ಹೊಸೂರನ್ನು, ರಾಯಕೋಟೆಯನ್ನು. ಬಾರಾಮಹಲಿನಿಂದ ಮೇಲೇರುವ ದಾರಿ ಕೈಗೆ ಸಿಗದೆ ದಂಡಿಗೆ ಊಟವಿಲ್ಲ ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು. ಎರಡನೆಯ ದಂಡಯಾತ್ರೆಗೆ ಧಾನ್ಯ ತಂದುಕೊಟ್ಟವರು ಹೇರೆತ್ತಿನ ಬಂಜಾರರು. ಯುದ್ಧದ ಕಥೆಗಳಲ್ಲಿ ಫಿರಂಗಿಗೆ ಸಿಕ್ಕ ಪುಟಗಳಲ್ಲಿ ಕಾಲುಭಾಗವೂ ಕಂಟಲೆಗೆ ಸಿಕ್ಕಿಲ್ಲ.

ಕೆನೆತ್ ಆಂಡರ್ಸನ್ ಹೊತ್ತಿಗೆ ಡೆಂಕಣಿಕೋಟೆಗೆ ಕಾರು ಬರುತ್ತಿತ್ತು. ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆ ಈ ಬೇಟೆಗಾರ ಪರಿಚಿತ. ಡೆಂಕಣಿಕೋಟೆ ಬಳಿಯ ಶಿವನಿಪಳ್ಳಿಯ ಕರಿಚಿರತೆಯ ಹೆಸರಿನಲ್ಲೇ ಅವನ ಒಂದು ಪುಸ್ತಕ 1959ರಲ್ಲಿ ಬಂತು. ಕಾರು ನಿಂತಲ್ಲಿಂದ ಮುಂದೆ ಅವನದೂ ಕಾಲ್ನಡಿಗೆಯೇ: ಕೋವಿ, ಟಾರ್ಚು, ಚಹಾದ ಫ್ಲಾಸ್ಕು.

ಹೀಗೆ ಹೊತ್ತು ನಡೆಯುವ ಬದಲು ಡೇರೆಯನ್ನೇ ಸೈಕಲ್ಲಿಗೆ ಕಟ್ಟಿಕೊಂಡು ಹೋಗುವ ಹವ್ಯಾಸ ಬೆಳೆದದ್ದು ಇಂಗ್ಲೆಂಡಿನಲ್ಲಿ, ಥಾಮಸ್ ಹಿರಾಮ್ ಹೋಲ್ಡಿಂಗ್ ಎಂಬ ದರ್ಜಿಯಿಂದ. ಬಟ್ಟೆಯ ತೂಕ ಬಲ್ಲ ಕಸುಬಿನವನಾದ್ದರಿಂದ ಹಗುರ ಡೇರೆ ಅವನಿಗೆ ಹೊಳೆದದ್ದು ಸಹಜವೇ. ಐರ್ಲೆಂಡಿನಲ್ಲಿ ಸುತ್ತಿದ ಅನುಭವವನ್ನು 1898ರಲ್ಲಿ ಪುಸ್ತಕವಾಗಿಸಿದ. 1901ರಲ್ಲಿ ಸೈಕಲ್ ಶಿಬಿರಿಗರ ಸಂಘ ಕಟ್ಟಿದ.

ನಮ್ಮ ಕಡೆ ಸೈಕಲ್ ಬಹುಕಾಲ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತಿತು. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದಲೇ ಟಿವಿಎಸ್ 50 ಹೊರಬಂದ ಮೇಲೆ ಆ ಹೊರೆಯಲ್ಲಿ ಎಷ್ಟೋ ಪಾಲು ಮೊಪೆಡ್ಡಿಗೆ ದಾಟಿತು. ಹೊರೆ ಇಳಿಸಿಕೊಂಡ ಸೈಕಲ್ ಮೇಲೆ ಈಗ ಬೆಂಗಳೂರಿನವರು ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಮಾರ್ಗವಾಗಿ ಕಾವೇರಿಯತ್ತ ಇಳಿಯುತ್ತಾರೆ.

ಇವರ ಮೌಂಟನ್ ಬೈಕಿಗೆ ಕ್ಯಾರಿಯರ್ ಇರುವುದಿಲ್ಲ. ಕಲ್ಲುದಾರಿಯ ಕುಲುಕಾಟಕ್ಕೆ ಅದರ ಬೋಲ್ಟು ಸಡಿಲವಾಗುತ್ತದೆ, ಪಕ್ಕದ ಚೀಲಗಳು ಪೊದೆಗೆ ತಾಗುತ್ತವೆ. ಬದಲಿಗೆ ನೀರು, ಸಲಕರಣೆ, ಒಲೆಯಂಥ ಭಾರದ ಸಾಮಾನು ಫ್ರೇಮಿನ ತ್ರಿಕೋನದೊಳಗೆ. ಮಲಗುವ ಚೀಲ ಸೀಟಿನ ಹಿಂದೆ. ಸುತ್ತಿದ ಡೇರೆ ಹ್ಯಾಂಡಲ್ಲಿಗೆ. ಮುಂದೆ ಭಾರ ಹೆಚ್ಚಾದರೆ ಹ್ಯಾಂಡಲ್ ತಿರುಗಿಸುವುದು ಕಷ್ಟ. ಹಿಂದೆ ಹೆಚ್ಚಾದರೆ ಏರಿನಲ್ಲಿ ಮುಂದಿನ ಚಕ್ರ ಮೇಲೇಳುತ್ತದೆ. ಚೀಲದ ಬಟ್ಟೆ ಹೊಸದು, ನಿಯಮ ಕಂಟಲೆಯದೇ. ಊಟಕ್ಕೆ ದುಬಾರಿ ಪೊಟ್ಟಣಗಳನ್ನು ಒಯ್ಯುವವರಿದ್ದಾರೆ. ಅದಕ್ಕಿಂತ ರಾಗಿ ಹುರಿಹಿಟ್ಟು, ಬೆಲ್ಲ ವಾಸಿ. ಬೆಂಕಿ ಬೇಡ, ಪಾತ್ರೆ ಬೇಡ, ನೀರಿದ್ದರೆ ಸಾಕು.

ಪ್ರಾಣಿಯ ಬೆನ್ನಿನ ಹೇರು ಇನ್ನೂ ಪೂರ್ತಿ ನಿಂತಿಲ್ಲ. ಪಕ್ಕದ ಧರ್ಮಪುರಿ ಜಿಲ್ಲೆಯಲ್ಲಿ ಪೆನ್ನಾಗರಂ ಕ್ಷೇತ್ರದ ಕೋಟೂರು ಬೆಟ್ಟಕ್ಕೆ ಚುನಾವಣೆಯ ಮತಯಂತ್ರಗಳು ಹೋಗಿರುವುದು ಕತ್ತೆಗಳ ಮೇಲೆ.

ಸೈಕಲ್ ಸವಾರರಿಗೆ ಒಂದು ಮಾತು. ಈ ಸೀಮೆಯ ಕಾಡಿನ 504 ಚದರ ಕಿಲೋಮೀಟರ್ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾಗಿದೆ. ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ, ಡೆಂಕಣಿಕೋಟೆಗಳತ್ತ ಬರುತ್ತವೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಡೇರೆ ಹಾಕಬೇಡಿ. ಕತ್ತಲಾಗುವ ಮುನ್ನ ಊರು ಸೇರಿಕೊಳ್ಳಿ.