ಐವತ್ತು ಸಿಗರೇಟ್ ಕಾರ್ಡುಗಳು ಮತ್ತು ಧಾರವಾಡದ ಬಾಲೂ

ಅಂತೂ ಇಂತೂ ನನ್ನ ಐವತ್ತು ಕಾರ್ಡುಗಳ ಸೆಟ್ಟು ಕಳೆದ ವಾರ ಪೂರ್ತಿಯಾಯಿತು. 1901ರಲ್ಲಿ ವಿಲ್ಸ್ ಕಂಪನಿಯವರು ತಮ್ಮ ಸಿಗರೇಟ್ ಪ್ಯಾಕಿನೊಳಗೆ ಇಟ್ಟು ಕೊಡುತ್ತಿದ್ದ ಕ್ರಿಕೆಟ್ ಆಟಗಾರರ ಬಣ್ಣದ ಚಿತ್ರಗಳಿವು. ಬೆಂಕಿಪೊಟ್ಟಣದಷ್ಟು ಅಗಲ, ಅದಕ್ಕಿಂತ ಕೊಂಚ ಉದ್ದ. ನಾಲ್ಕು ವರ್ಷದಿಂದ ಒಂದೊಂದಾಗಿ ಕೂಡಿಹಾಕಿದ್ದು. ಎಕ್ಸೆಲ್ ಶೀಟಿನ ಕೊನೇ ಸಾಲಿಗೆ ಹಸಿರು ಬಣ್ಣ ಬಳಿದಾಗ ಆದ ಖುಷಿ, ಆಫೀಸಿನ ಯಾವ ರಿಲೀಸ್ ಮುಗಿಸಿದಾಗಲೂ ಆಗಿರಲಿಲ್ಲ! "ಸಿಗರೇಟೇ ಸೇದದವನಿಗೆ ಇದ್ಯಾಕೆ ಮಾರಾಯಾ?" ಅಂತ ಕೇಳುವ ಗೆಳೆಯರಿಗಾಗಿ ಈ ಪುರಾಣ.

ಮೊದಮೊದಲು ಸಿಗರೇಟು ಬರುತ್ತಿದ್ದದ್ದು ಮೆತ್ತನೆಯ ಕಾಗದದ ಪ್ಯಾಕಿನಲ್ಲಿ. ಜೇಬಿನಲ್ಲಿಟ್ಟರೆ ಮುರಿದುಹೋಗುತ್ತಿತ್ತು. ಅದಕ್ಕೇ ಒಳಗೊಂದು ದಪ್ಪ ರಟ್ಟಿನ ತುಂಡು. ಆ ರಟ್ಟು ಖಾಲಿ ಯಾಕಿರಬೇಕು, ಚಿತ್ರ ಹಾಕೋಣ ಅನ್ನುವ ಉಪಾಯವನ್ನು ಅಮೆರಿಕದ ಅಲೆನ್ ಅಂಡ್ ಗಿಂಟರ್‌ನಂಥ ಕಂಪನಿಗಳು 1880ರ ದಶಕದಲ್ಲಿ ಜನಪ್ರಿಯ ಮಾಡಿದವು. ಅಲ್ಲಿ ಬೇಸ್‌ಬಾಲ್ ಆಟಗಾರರು, ಇಲ್ಲಿ ಕ್ರಿಕೆಟಿಗರು. ಐವತ್ತರಲ್ಲಿ ನಲವತ್ತೊಂಬತ್ತು ಸಿಕ್ಕವನು ಇನ್ನೊಂದು ಪ್ಯಾಕು ಕೊಳ್ಳದೇ ಇರುತ್ತಾನೆಯೇ? ದೊಡ್ಡವರು ಸೇದುವುದು, ಮಕ್ಕಳು ಅಂಗಡಿ ಬಾಗಿಲಲ್ಲಿ ನಿಂತು ಕಾರ್ಡಿಗಾಗಿ ಕೈಚಾಚುವುದು. ಚಿಕ್ಕಂದಿನಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡಿಗೆ ನಾವು ಜಗಳ ಆಡಿದ್ದು ಇದರದ್ದೇ ವಂಶ ಅನ್ನಿ.

1940ರಲ್ಲಿ ಯುದ್ಧದ ಕಾಗದದ ಕೊರತೆಯಿಂದ ಬ್ರಿಟನ್ನಿನಲ್ಲಿ ಈ ಕಾರ್ಡುಗಳು ನಿಂತುಹೋದವು. ಹುಚ್ಚು ಮಾತ್ರ ನಿಲ್ಲಲಿಲ್ಲ. ಎಡ್ವರ್ಡ್ ವಾರ್ಟನ್-ಟೈಗರ್ ಎಂಬಾತ ಲಕ್ಷಗಟ್ಟಲೆ ಕಾರ್ಡು ಕೂಡಿಹಾಕಿದ್ದ. 1995ರಲ್ಲಿ ಆತ ತೀರಿಕೊಂಡಾಗ ಅವೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಅಮೆರಿಕದಲ್ಲಂತೂ 1909-11ರ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಒಂದೇ ಒಂದು ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ನನ್ನ ಐವತ್ತನ್ನೂ ಮಾರಿದರೆ ಬೆಂಗಳೂರಿಗೆ ಒಂದು ಟಿಕೆಟ್ ಬಂದರೆ ಪುಣ್ಯ.

ಬೆಂಗಳೂರು ಅಂದಾಗ ನೆನಪಾಯಿತು. ಅಮೆರಿಕದ ತಂಬಾಕು ದೊರೆ ಡ್ಯೂಕ್ ಬ್ರಿಟನ್ನಿಗೆ ನುಗ್ಗಿದಾಗ, ಅವನನ್ನು ತಡೆಯಲು ವಿಲ್ಸ್, ಪ್ಲೇಯರ್ ಮೊದಲಾದ ಕಂಪನಿಗಳು 1901ರಲ್ಲಿ ಒಟ್ಟಾಗಿ ಇಂಪೀರಿಯಲ್ ಟೊಬ್ಯಾಕೊ ಆದವು. ಮುಂದಿನ ವರ್ಷ ಇಬ್ಬರೂ ರಾಜಿಯಾಗಿ ಹೊರದೇಶಗಳ ವ್ಯಾಪಾರಕ್ಕೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಟ್ಟಿದರು. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಹುಟ್ಟಿತು. ಅದೇ ಈಗಿನ ಐಟಿಸಿ. ಅದರ ಮೊದಲ ಸಿಗರೇಟ್ ಕಾರ್ಖಾನೆ ಶುರುವಾದದ್ದು 1913ರಲ್ಲಿ, ನಮ್ಮ ಬೆಂಗಳೂರಿನಲ್ಲೇ! ವಿಲ್ಸ್‌ನವರು 1896ರಲ್ಲೂ ಐವತ್ತು ಕ್ರಿಕೆಟಿಗರ ಸೆಟ್ಟು ತಂದಿದ್ದರು. ಸರಿಯಾಗಿ ನೂರು ವರ್ಷದ ಮೇಲೆ, 1996ರ ವಿಲ್ಸ್ ವಿಶ್ವಕಪ್ಪಿನಲ್ಲಿ, ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಹಾರಿಸಿದರು. ಹೊಗೆಯೂ ಕ್ರಿಕೆಟ್ಟೂ ಅಷ್ಟು ದಿನ ಜೊತೆಯಲ್ಲೇ ಸಂಸಾರ ಮಾಡಿದ್ದವು.

ನನಗೆ ಕೊನೆಗೆ ಸಿಕ್ಕ ಕಾರ್ಡು ರಣಜಿತ್‌ಸಿಂಹಜಿಯದು. 1896ರಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿ 62 ಮತ್ತು ಔಟಾಗದೆ 154 ಹೊಡೆದವರು. 1899ರಲ್ಲಿ ಒಂದೇ ಸೀಸನ್ನಿನಲ್ಲಿ 3000 ರನ್ ದಾಟಿದ ಮೊದಲಿಗರು. 1907ರಲ್ಲಿ ನವಾನಗರದ, ಅಂದ್ರೆ ಈಗಿನ ಜಾಮ್‌ನಗರದ, ಅರಸರಾದರು. ಇಲ್ಲಿ ಕೆಂಟನ್ನಿನಲ್ಲಿ ಜಾಮ್‌ನಗರದ ಸುತ್ತಲ ಹಳ್ಳಿಗಳಿಂದ ಪೂರ್ವ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಬಂದ ಗುಜರಾತಿ ಮನೆತನಗಳು ಬಹಳ. ಪಕ್ಕದ ಮನೆಯ ಅಂಕಲ್‌ಗೆ ಕಾರ್ಡು ತೋರಿಸಿದೆ. "ನಮ್ಮ ಜಾಮ್ ಸಾಹೇಬ್!" ಅಂತ ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು: "ನಿಮ್ಮ ಕಡೆಯವರು ಯಾರೂ ಇಲ್ವಾ ಇದರಲ್ಲಿ?"

ಇಲ್ಲ. ಆದರೆ ಇರಬಹುದಾಗಿದ್ದ ಒಬ್ಬರು ಇದ್ದರು. ಪಾಲ್ವಣಕರ್ ಬಾಲೂ. ಕೊಂಕಣ ಮೂಲದ ದಲಿತ ಕುಟುಂಬ, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಪುಣೆಯ ಇಂಗ್ಲಿಷರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ ಉರುಳಿಸುವ ಆಳು. ನೆಟ್ಸ್‌ನಲ್ಲಿ ಸಾಹೇಬರಿಗೆ ಎಡಗೈ ಸ್ಪಿನ್ ಹಾಕಿ ಹಾಕಿ ಹದವಾದ ಕೈ. ಹಿಂದೂ ತಂಡಕ್ಕೆ ವಿಕೆಟ್ ಬೇಕಿತ್ತು, ತಗೊಂಡರು. ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಬಂದ ತಂಡದಲ್ಲಿ ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು. ತಂಡ ಸೋತದ್ದೇ ಹೆಚ್ಚು.

ರಣಜಿ ದೊಡ್ಡ ಆಟಗಾರರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 1901ರ ಕಾರ್ಡಿನಲ್ಲಿ ಮುಖ ಬರಬೇಕಾದರೆ ಮೊದಲು ಇಂಗ್ಲೆಂಡಿನ ಮೈದಾನದಲ್ಲಿ ನಿಂತಿರಬೇಕಿತ್ತು. ಅದಕ್ಕೆ ಕೇಂಬ್ರಿಜ್‌ನಲ್ಲಿ ಓದುವಷ್ಟು ದುಡ್ಡೋ ಮನೆತನವೋ ಬೇಕಿತ್ತು. ನಾಲ್ಕು ರೂಪಾಯಿ ಸಂಬಳದವನು ಹತ್ತು ವರ್ಷ ಕಾಯಬೇಕಾಯಿತು, ಅದೂ ಮಹಾರಾಜರ ಹಡಗಿನಲ್ಲಿ. ನಾವು ಕೂಡಿಡುವ ಇತಿಹಾಸ ಯಾರೋ ಆಗಲೇ ಆರಿಸಿಟ್ಟದ್ದು ಅನ್ನೋದು ಐವತ್ತನೇ ಕಾರ್ಡು ಕೈಗೆ ಬಂದ ಮೇಲೆ ಇನ್ನೂ ನಿಚ್ಚಳವಾಯಿತು.

ಹಾಗಾಗಿ ಮುಂದಿನ ಕೆಲಸ ಇನ್ನೊಂದು ಸೆಟ್ಟಲ್ಲ. 1911ರ ಪ್ರವಾಸದ ಸ್ಕೋರ್‌ಕಾರ್ಡುಗಳನ್ನು ಹಳೇ ಪತ್ರಿಕೆಗಳಿಂದ ಹೆಕ್ಕಿ, ಬಾಲೂ ಕಿತ್ತ ಒಂದೊಂದು ವಿಕೆಟ್ಟನ್ನೂ ಕನ್ನಡದಲ್ಲಿ ಬರೆದಿಡುವುದು. ಹೊಸ ಎಕ್ಸೆಲ್ ಶೀಟು ತೆರೆದಿದ್ದೇನೆ. 114 ಸಾಲು, ಎಲ್ಲವೂ ಸದ್ಯಕ್ಕೆ ಬಿಳಿ.