ಹೆಚ್ಚುವರಿ ಶಿಕ್ಷಕರ ಲೆಕ್ಕಕ್ಕೆ ಸಿಗದ ಮಕ್ಕಳು: ಪ್ರಾಥಮಿಕ ಶಾಲೆಗಳ ಶಿಕ್ಷಕರ ಹಂಚಿಕೆಯನ್ನು ಕುರಿತು ಒಂದು ಆಕ್ಷೇಪ

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರ ಕೊರತೆ ಇದೆ ಎಂಬುದು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡು ಬಂದ ಮಾತು. ಅದನ್ನು ಅಂಕಿಅಂಶಗಳ ಬಲದಿಂದ ಅಲುಗಾಡಿಸಿದವರು ಸಂದೀಪ್ ದತ್ತಾ ಮತ್ತು ಗೀತಾ ಕಿಂಗ್ಡನ್. 2021ರಲ್ಲಿ ಪ್ರಕಟವಾದ ಅವರ ಸಂಶೋಧನಾ ಪ್ರಬಂಧ 2019-20ರ ಸರ್ಕಾರಿ ದಾಖಲೆಗಳನ್ನೇ ಹಿಡಿದು, ಖಾಲಿ ಹುದ್ದೆ ಬೇರೆ, ಕೊರತೆ ಬೇರೆ ಎಂದು ವಾದಿಸುತ್ತದೆ. ಅವರ ಲೆಕ್ಕದಂತೆ ದೇಶದಲ್ಲಿ ಕೊರತೆಯಿರುವ ಶಾಲೆಗಳಿಗೆ ಬೇಕಾದ ಶಿಕ್ಷಕರು 7,66,487. ನಿಯಮಕ್ಕಿಂತ ಹೆಚ್ಚು ಶಿಕ್ಷಕರಿರುವ ಶಾಲೆಗಳಲ್ಲಿರುವ ಹೆಚ್ಚುವರಿ ಶಿಕ್ಷಕರು 5,20,141. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವ ಕೊರತೆ 2,46,346 ಮಾತ್ರ. ಕಡತದಲ್ಲಷ್ಟೇ ಇರುವ ಸುಳ್ಳು ದಾಖಲಾತಿಯನ್ನು ಅಂದಾಜಿಸಿ ತೆಗೆದರೆ ಆ ಕೊರತೆಯೂ ಕರಗಿ, 98,371 ಶಿಕ್ಷಕರು ಮಿಗುತ್ತಾರೆ.

ಖಾಲಿ ಹುದ್ದೆಗಳ ಪಟ್ಟಿಯನ್ನೇ ಕೊರತೆಯ ಪುರಾವೆಯಾಗಿ ಮುಂದಿಡುವ ಅಭ್ಯಾಸಕ್ಕೆ ಈ ಪ್ರಬಂಧ ಹಾಕಿದ ತಡೆ ಅಗತ್ಯವಾಗಿತ್ತು. ನನ್ನ ತಕರಾರು ಅವರ ಕಳೆಯುವ ಲೆಕ್ಕದ ಹಿಂದಿರುವ ಒಂದು ಗ್ರಹಿಕೆಯನ್ನು ಕುರಿತದ್ದು.

ಹಂಚಿಕೆಯ ನಿಯಮಗಳು ಏನೆಂಬ ಬಗ್ಗೆ ವಿವಾದವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು ಶಿಕ್ಷಕರು ಎಂದು ಮೆಟ್ಟಿಲುಗಳನ್ನು ಕಟ್ಟಿದೆ. ಮಕ್ಕಳು 150 ದಾಟಿದರೆ ಮುಖ್ಯ ಶಿಕ್ಷಕರ ಹುದ್ದೆ ಪ್ರತ್ಯೇಕ. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೊಬ್ಬರು, ಜೊತೆಗೆ ವಿಷಯವಾರು ಶಿಕ್ಷಕರು. ಕರ್ನಾಟಕದಲ್ಲಿ ಹೆಚ್ಚುವರಿ ಶಿಕ್ಷಕರನ್ನು ಗುರುತಿಸಿ ಬೇರೆ ಶಾಲೆಗಳಿಗೆ ಕಳುಹಿಸುವ ಮರುಹೊಂದಾಣಿಕೆಯೂ ದಾಖಲಾತಿಯನ್ನು ನೋಡಿಯೇ ನಡೆಯುತ್ತದೆ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದಷ್ಟೇ ಇಲ್ಲಿಯ ಅಳತೆ. ಯಾವ ಮಕ್ಕಳಿದ್ದಾರೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಶಾಲೆಯ ಹೆಚ್ಚುವರಿಯಿಂದ ಇನ್ನೊಂದು ಶಾಲೆಯ ಕೊರತೆಯನ್ನು ಕಳೆಯಬೇಕಾದರೆ ಎರಡು ಸಂಗತಿಗಳನ್ನು ಒಪ್ಪಬೇಕಾಗುತ್ತದೆ. ಮೊದಲನೆಯದು, ಯಾವ ಶಿಕ್ಷಕರನ್ನಾದರೂ ಯಾವ ಶಾಲೆಗಾದರೂ ಕಳುಹಿಸಬಹುದು. ಇದು ಪೂರ್ತಿ ನಿಜವಲ್ಲ: ಉರ್ದು ಮಾಧ್ಯಮದ ಹೆಚ್ಚುವರಿ ಶಿಕ್ಷಕಿ ಪಕ್ಕದ ಕನ್ನಡ ಮಾಧ್ಯಮ ಶಾಲೆಯ ಖಾಲಿ ಹುದ್ದೆಯನ್ನು ತುಂಬಲಾರರು. ಆದರೆ ಈ ತೊಡಕು ಎಲ್ಲರಿಗೂ ತಿಳಿದದ್ದೇ. ಎರಡನೆಯದು, ಶಿಕ್ಷಕರ ಸಮಯದ ಲೆಕ್ಕದಲ್ಲಿ ಪ್ರತಿ ಮಗುವೂ ಒಂದೇ ತೂಕ. ವಿಶೇಷ ಅಗತ್ಯವುಳ್ಳ ಮಕ್ಕಳಿರುವ ಶಾಲೆಯಲ್ಲಿ ಈ ಎರಡನೆಯ ಗ್ರಹಿಕೆ ನಿಲ್ಲುವುದಿಲ್ಲ.

ದತ್ತಾ ಮತ್ತು ಕಿಂಗ್ಡನ್ ಬರೆಯುವ ಹೊತ್ತಿಗೆ ಇಂಥ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರಿಗೆ ರಾಷ್ಟ್ರಮಟ್ಟದ ಅನುಪಾತವೇ ಅಧಿಸೂಚಿತವಾಗಿರಲಿಲ್ಲ. ವಿಶೇಷ ಶಿಕ್ಷಕರನ್ನು ಕುರಿತ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಆದೇಶ ನೀಡಿದ ನಂತರ, 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಅದನ್ನು ನಿಗದಿಪಡಿಸಿತು: ಕಿರಿಯ ಹಂತದಲ್ಲಿ 10 ವಿಕಲಚೇತನ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಹಿರಿಯ ಪ್ರಾಥಮಿಕದಲ್ಲಿ 15ಕ್ಕೆ ಒಬ್ಬರು. ಸಾಕಷ್ಟು ಶಿಕ್ಷಕರು ಸಿಗುವವರೆಗೆ ಒಬ್ಬರೇ ಹಲವು ಶಾಲೆಗಳಿಗೆ ಸಂಚರಿಸಬಹುದೆಂದು ನ್ಯಾಯಾಲಯ ಹೇಳಿದ್ದು ತಾತ್ಕಾಲಿಕ ಏರ್ಪಾಡಾಗಿ. ಆ ತಾತ್ಕಾಲಿಕ ಏರ್ಪಾಡು ಶಾಲೆಗಳ ಗಾತ್ರದ ಕಾರಣದಿಂದಲೇ ಶಾಶ್ವತವಾಗುತ್ತದೆ ಎಂದು ನನಗೆ ಕಾಣುತ್ತದೆ. ಅದಕ್ಕೆ ಬೇಕಾದ ಅಂಕಿ ದತ್ತಾ ಮತ್ತು ಕಿಂಗ್ಡನ್ ಅವರ ಪ್ರಬಂಧದಲ್ಲೇ ಇದೆ: ಸರ್ಕಾರಿ ಶಾಲೆಯ ಗಾತ್ರದ ಮಧ್ಯಾಂಕ 64 ಮಕ್ಕಳು. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಅಂಗವೈಕಲ್ಯವುಳ್ಳವರು ಶೇ. 2.21. ಈ ಪ್ರಮಾಣದಲ್ಲಿ 10 ವಿಕಲಚೇತನ ಮಕ್ಕಳು ಸಿಗಬೇಕಾದರೆ ಸುಮಾರು 450 ಮಕ್ಕಳ ಶಾಲೆ ಬೇಕು. 64 ಮಕ್ಕಳ ಶಾಲೆಗಳಾದರೆ ಒಬ್ಬ ವಿಶೇಷ ಶಿಕ್ಷಕರ ಪಾಲಿಗೆ ಏಳು ಶಾಲೆಗಳು ಬರುತ್ತವೆ. ಶನಿವಾರದ ಅರ್ಧ ದಿನವನ್ನೂ ಸೇರಿಸಿ ಆರು ದಿನದ ವಾರದಲ್ಲಿ, ಎಲ್ಲ ಹುದ್ದೆಗಳೂ ಭರ್ತಿಯಾಗಿದ್ದರೂ, ಒಂದು ಶಾಲೆಗೆ ಒಂದು ಪೂರ್ತಿ ದಿನವೂ ದಕ್ಕುವುದಿಲ್ಲ.

ಶೇ. 2.21 ಎಂಬುದು ಎಲ್ಲ ವಯಸ್ಸಿನವರ ಪ್ರಮಾಣ. ಮೇಲಾಗಿ ಅದು ಹಳೆಯ ವರ್ಗೀಕರಣಕ್ಕೆ ಸೇರಿದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಹಾಗಾಗಿ ನಿಜವಾದ ಪ್ರಮಾಣ ಹೆಚ್ಚಿರಬಹುದೆಂದು ಶೇ. 5ರಂತೆ ಹಿಡಿಯೋಣ. ಆಗಲೂ 200 ಮಕ್ಕಳಿಗೊಬ್ಬರು, ಎಂದರೆ ಮೂರು ಶಾಲೆಗಳಿಗೊಬ್ಬರು. ವಾರದ ಹೆಚ್ಚಿನ ದಿನ ವಿಕಲಚೇತನ ಮಗು ಸಾಮಾನ್ಯ ಶಿಕ್ಷಕರ ಬಳಿಯೇ ಇರುತ್ತದೆ.

ಸುಳ್ಳು ದಾಖಲಾತಿಯನ್ನು ತೆಗೆಯಬೇಕೆಂಬ ವಾದ ಇಲ್ಲಿ ತಿರುಗಿ ನಿಲ್ಲುತ್ತದೆ. ಇಲ್ಲದ ಮಕ್ಕಳನ್ನು ತೆಗೆದಂತೆ ಶಾಲೆ ಇನ್ನೂ ಚಿಕ್ಕದಾಗುತ್ತದೆ. ಒಬ್ಬ ವಿಶೇಷ ಶಿಕ್ಷಕರು ಓಡಾಡಬೇಕಾದ ಶಾಲೆಗಳು ಇನ್ನೂ ಹೆಚ್ಚುತ್ತವೆ. ಸಾಮಾನ್ಯ ಶಿಕ್ಷಕರನ್ನು ಮಿಗಿಸುವ ತಿದ್ದುಪಡಿಯೇ ವಿಶೇಷ ಬೆಂಬಲವನ್ನು ಶಾಲೆಯಿಂದ ದೂರ ತಳ್ಳುತ್ತದೆ. ದೇಶದ ಮಟ್ಟದ ನಿವ್ವಳ ಅಂಕಿಯಲ್ಲಿ ಈ ನಂಟು ಕಾಣುವುದಿಲ್ಲ.

ಐದು ತರಗತಿ, 50 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯೊಂದನ್ನು ತೆಗೆದುಕೊಳ್ಳಿ. ನಿಯಮದಂತೆ ಇಬ್ಬರು ಶಿಕ್ಷಕರು. ಒಬ್ಬರು ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ನಡೆಸುತ್ತಾರೆ. ಇನ್ನೊಬ್ಬರು ನಾಲ್ಕು ಮತ್ತು ಐದನ್ನು ನೋಡಿಕೊಂಡು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಬಿ.ಇ.ಒ. ಕಚೇರಿಯ ಸಭೆಗಳನ್ನೂ ನಿಭಾಯಿಸುತ್ತಾರೆ. ನಲಿ-ಕಲಿಯ ಗುಂಪಿನಲ್ಲಿ ಮೆದುಳಿನ ಪಾರ್ಶ್ವವಾಯು ಇರುವ ಒಂದು ಮಗು ಇದ್ದರೆ, ಅದನ್ನು ಶೌಚಾಲಯಕ್ಕೆ ಕರೆದೊಯ್ಯುವುದರಿಂದ ಹಿಡಿದು ಕಲಿಕಾ ಕಾರ್ಡು ಕೈಗಿಡುವವರೆಗೆ ಪ್ರತಿಯೊಂದಕ್ಕೂ ಒಂದು ಜೊತೆ ಕೈ ಬೇಕು. ತಾಲ್ಲೂಕಿನ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ಬಂದು ತೋರಿಸಿಕೊಟ್ಟ ವ್ಯಾಯಾಮವನ್ನು ಮರುದಿನದಿಂದ ಮಾಡಿಸಬೇಕಾದವರು ಯಾರು? ಇಲ್ಲಿ ಮೂರನೆಯ ಶಿಕ್ಷಕಿಯೊಬ್ಬರು ಇದ್ದರೆ ಅವರು ಅನುಸೂಚಿಯ ಪ್ರಕಾರ ಹೆಚ್ಚುವರಿ. ಮರುಹೊಂದಾಣಿಕೆಯ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ. ಅವರು ಮಾಡುತ್ತಿರುವ ಕೆಲಸ ಬರುವುದಿಲ್ಲ.

ಆದ್ದರಿಂದ ನನ್ನ ಪ್ರತಿಪಾದನೆ ಇದು: ಹೆಚ್ಚುವರಿ ಎಂದು ಎಣಿಸಲಾದ 5,20,141 ಶಿಕ್ಷಕರಲ್ಲಿ ಒಂದು ಭಾಗ, ಸಂಚಾರಿ ವಿಶೇಷ ಶಿಕ್ಷಕರು ಇಲ್ಲದ ದಿನಗಳ ಬೆಂಬಲವನ್ನು ಹೊರುವ ಸ್ಥಾನದಲ್ಲಿದ್ದಾರೆ, ಅವರನ್ನು ಪೂರ್ತಿಯಾಗಿ ಕಳೆಯುವ ಲೆಕ್ಕ ಅಷ್ಟರಮಟ್ಟಿಗೆ ತಪ್ಪು. ಭಾಗವೆಂದೆನೇ ಹೊರತು ಬಹುಪಾಲು ಎನ್ನಲಿಲ್ಲ. ಆ ಸ್ಥಾನದಲ್ಲಿದ್ದಾರೆ ಎಂದರೆ ಆ ಕೆಲಸವನ್ನು ಮಾಡುತ್ತಿದ್ದಾರೆಂದೂ ಅಲ್ಲ. ತರಬೇತಿಯಿಲ್ಲದ ಶಿಕ್ಷಕರ ಸಹವಾಸವನ್ನೇ ಬೆಂಬಲವೆಂದು ಕರೆಯುವುದೂ ತರವಲ್ಲ. ಸಾಮಾನ್ಯ ಶಿಕ್ಷಕರಿಗೂ ಕಡ್ಡಾಯ ತರಬೇತಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಅದೇ ಆದೇಶದಲ್ಲಿ ಹೇಳಿದೆ. ನನ್ನ ಪ್ರತಿಪಾದನೆಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೆಚ್ಚುವರಿ ಶಿಕ್ಷಕರು ಮಗುವಿನ ಅಗತ್ಯ ನೋಡಿ ಶಾಲೆಗೆ ಬಂದವರಲ್ಲ. ಪೇಟೆಗೆ ಹತ್ತಿರ, ಬಸ್ಸಿನ ಸೌಕರ್ಯ, ಮನೆ ಬಾಡಿಗೆ ಭತ್ಯೆ ಹೆಚ್ಚಿರುವ ಜಾಗ ನೋಡಿ ವರ್ಗಾವಣೆ ಬಯಸಿದವರೇ ಅವರಲ್ಲಿ ಅನೇಕರು; ಕರ್ನಾಟಕದ ವರ್ಗಾವಣೆ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿರುವುದೇ ಈ ಒಲವಿಗೆ ಕಡಿವಾಣ ಹಾಕಲು. ಮೂರನೆಯ ಶಿಕ್ಷಕರು ರಸ್ತೆಯ ಪಕ್ಕದ ಶಾಲೆಯಲ್ಲಿ, ನೆರವು ಬೇಕಾದ ಮಗು ಘಟ್ಟದ ಮೇಲಿನ ಶಾಲೆಯಲ್ಲಿ ಇರುವುದು ಸಾಧ್ಯ. ಎಲ್ಲ ಕಡೆ ಹಾಗೆಯೇ ಇದ್ದರೆ ನನ್ನ ವಾದ ಬಿದ್ದುಹೋಗುತ್ತದೆ.

ಹಂಚಿಕೆಗೆ ಬೇರೆ ದಾರಿ ಇಲ್ಲವೆಂದಲ್ಲ. ಐರ್ಲೆಂಡ್ 2017ರಲ್ಲಿ, ಮಗುವಿನ ವೈಕಲ್ಯದ ಬಗೆಗಿನ ತಜ್ಞರ ವರದಿಯನ್ನು ಹಿಡಿದು ಬೆಂಬಲದ ಗಂಟೆಗಳನ್ನು ಕೊಡುವ ಕ್ರಮವನ್ನು ಬಿಟ್ಟು, ಶಾಲೆಯ ಒಟ್ಟು ಚಿತ್ರವನ್ನು ನೋಡಿ ವಿಶೇಷ ಶಿಕ್ಷಕರನ್ನು ಹಂಚತೊಡಗಿತು: ಪ್ರತಿ ಶಾಲೆಗೂ ಒಂದು ಮೂಲ ಪಾಲು, ಅದರ ಮೇಲೆ ಸಂಕೀರ್ಣ ಅಗತ್ಯಗಳು, ಪ್ರಮಾಣಿತ ಪರೀಕ್ಷೆಗಳ ಫಲಿತಾಂಶ, ಸಾಮಾಜಿಕ ಹಿನ್ನೆಲೆ. 2024ರಲ್ಲಿ ಸಂಕೀರ್ಣ ಅಗತ್ಯಗಳ ಅಂಶವನ್ನು ಕೈಬಿಟ್ಟಾಗ ಅಲ್ಲಿ ದೊಡ್ಡ ಜಗಳವೇ ಆಯಿತು. ಈ ಪದ್ಧತಿಯನ್ನು ಎತ್ತಿ ತಂದು ಇಲ್ಲಿಡಬೇಕೆಂದು ನಾನು ಹೇಳುತ್ತಿಲ್ಲ. ನಮಗೆ ಪ್ರಸ್ತುತವಾದದ್ದು ಆ ಮೂಲ ಪಾಲು: ಯಾವ ಮಗುವಿನ ವಿಶೇಷ ಅಗತ್ಯವನ್ನೂ ಎಣಿಸುವ ಮೊದಲೇ ಶಾಲೆಗೆ ಸಲ್ಲುವ ಬೆಂಬಲ. ನಮ್ಮ 10ಕ್ಕೊಬ್ಬರ ಅನುಪಾತದಲ್ಲಿ ಒಂದೋ ಎರಡೋ ವಿಕಲಚೇತನ ಮಕ್ಕಳಿರುವ ಶಾಲೆ ಸ್ವಂತ ಬಲದಿಂದ ಏನನ್ನೂ ಪಡೆಯಲಾರದು.

ನನ್ನ ಪ್ರತಿಪಾದನೆಯನ್ನು ಪರೀಕ್ಷಿಸಲು ಹೊಸ ಸಮೀಕ್ಷೆಯೇ ಬೇಕಿಲ್ಲ. ಶಾಲೆಗಳ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಾದ ಯು-ಡೈಸ್ ಪ್ರತಿ ಶಾಲೆಯ ಶಿಕ್ಷಕರ ಸಂಖ್ಯೆಯನ್ನೂ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಖ್ಯೆಯನ್ನೂ ಸಂಗ್ರಹಿಸುತ್ತದೆ. ಎರಡು ಅಂಕಣಗಳನ್ನು ಶಾಲೆವಾರು ಜೋಡಿಸಿ ನೋಡಿದರೆ, ಹೆಚ್ಚುವರಿ ಶಿಕ್ಷಕರಿರುವ ಎಷ್ಟು ಶಾಲೆಗಳಲ್ಲಿ ಅಂಥ ಮಕ್ಕಳಿದ್ದಾರೆಂಬುದು ತಿಳಿಯುತ್ತದೆ. ಆ ಶಿಕ್ಷಕರ ದಿನದಲ್ಲಿ ಎಷ್ಟು ಹೊತ್ತು ಆ ಮಕ್ಕಳಿಗೆ ಸಲ್ಲುತ್ತದೆ ಎಂಬುದು ಮಾತ್ರ ಅಂಕಣಗಳಿಂದ ಹೊರಡುವುದಿಲ್ಲ. ಅದಕ್ಕೆ ತರಗತಿಯಲ್ಲೇ ಕುಳಿತು ನೋಡಬೇಕು. ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ ಪಡೆದ ತೀವ್ರ ವೈಕಲ್ಯದ ಮಕ್ಕಳನ್ನು ಯಾವ ಶಾಲೆಯ ಲೆಕ್ಕಕ್ಕೆ, ಯಾವ ತೂಕದಲ್ಲಿ ಸೇರಿಸಬೇಕು ಎಂಬ ಪ್ರಶ್ನೆಯನ್ನು ಈ ಲೇಖನ ಮುಟ್ಟಿಲ್ಲ.